ಕಪ್ಪು ಅಮೆರಿಕದ ಊಹಾಕಥನದಲ್ಲಿ ಕುಲ, ಕುಟುಂಬ, ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕನ್ ಅಮೆರಿಕನ್ ಲೇಖಕರ ಊಹಾಕಥನದ ಬಗ್ಗೆ ನಾನು ಮಾತನಾಡಿದ, ಬರೆದ ಕಡೆಯೆಲ್ಲ ಓದುಗರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಹಾಕಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿದ್ದೇನೆ. ಕಥೆಯ ಕೊನೆಯನ್ನು ಮೊದಲೇ ತಿಳಿಯಲು ಇಷ್ಟವಿಲ್ಲದವರು ಎರಡನೆಯ ಭಾಗವನ್ನೂ ಕಡೆಯ ಉತ್ತರವನ್ನೂ 'ಕಿಂಡ್ರೆಡ್' ಕಾದಂಬರಿ ಓದಿದ ಮೇಲೆ ನೋಡುವುದು ಒಳ್ಳೆಯದು.

## ಓದಲು ತೊಡಗುವವರಿಗೆ

ಊಹಾಕಥನ ಅಂದರೇನು? ವಿಜ್ಞಾನ ಕಾದಂಬರಿ ಎಂದರೆ ಸಾಲದೇ?

ಸಾಲದು. ವಿಜ್ಞಾನ ಕಾದಂಬರಿ ಎಂದೊಡನೆ ರಾಕೆಟ್ಟು, ರೋಬೋ, ಪ್ರಯೋಗಾಲಯಗಳು ಕಣ್ಣೆದುರು ಬಂದು ನಿಲ್ಲುತ್ತವೆ. ಇಲ್ಲಿ ಚರ್ಚಿಸುವ ಕೃತಿಗಳಲ್ಲಿ ಅವೂ ಇವೆ. ಅವುಗಳ ಜೊತೆಗೆ ಗಂಡನನ್ನು ಮರವಾಗಿಸುವ ಮಂತ್ರಗಾತಿಯೂ, ಯಾವ ಯಂತ್ರದ ನೆರವೂ ಇಲ್ಲದೆ ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಿ ಬೀಳುವ ಹೆಂಗಸೂ, ನೆಲವನ್ನು ನಡುಗಿಸಬಲ್ಲ ಮಕ್ಕಳೂ ಇದ್ದಾರೆ. 'ಕಿಂಡ್ರೆಡ್' (1979) ಬರೆದ ಆಕ್ಟೇವಿಯಾ ಬಟ್ಲರ್ ಅವರೇ ತಮ್ಮ ಆ ಪುಸ್ತಕದಲ್ಲಿ ವಿಜ್ಞಾನವೇ ಇಲ್ಲ, ಆದ್ದರಿಂದ ಅದು ವಿಜ್ಞಾನ ಕಾದಂಬರಿಯಲ್ಲ ಎನ್ನುತ್ತಿದ್ದರು. ಲೋಕದ ಒಂದೇ ಒಂದು ನಿಯಮವನ್ನು ಸಡಿಲಿಸಿ, ಉಳಿದದ್ದೆಲ್ಲವನ್ನೂ ಇದ್ದ ಹಾಗೆಯೇ ಇಟ್ಟು, ಮುಂದೇನಾಗುತ್ತದೆ ಎಂದು ಕೊನೆಯವರೆಗೆ ಪಟ್ಟುಹಿಡಿದು ನೋಡುವ ಕಥೆಗಳನ್ನೆಲ್ಲ ಊಹಾಕಥನ ಎಂಬ ಒಂದೇ ಸೂರಿನ ಕೆಳಗೆ ತರಬಹುದು.

'ಕರಿಯರು' ಎಂದು ಬರೆದರೆ ತಪ್ಪಾಗುತ್ತದೆಯೇ?

ಹಳೆಯ ಕನ್ನಡ ಬರಹಗಳಲ್ಲಿ 'ನೀಗ್ರೋ' ಎಂಬ ಪದವೂ 'ಕರಿಯರು' ಎಂಬ ಪದವೂ ಸಿಗುತ್ತವೆ. ಮೊದಲನೆಯದು ಒಂದು ಕಾಲಕ್ಕೆ ಅಮೆರಿಕದಲ್ಲಿ ಮರ್ಯಾದೆಯ ಪದವೇ ಆಗಿತ್ತು. 1960ರ ದಶಕದ ಕೊನೆಯಿಂದ ಅದನ್ನು ಕಪ್ಪು ಜನರೇ ಕೈಬಿಟ್ಟರು. ಎರಡನೆಯದರ ಕಥೆ ಬೇರೆ. ಕರಿಯಪ್ಪ, ಕರಿಯಮ್ಮ ಎಂದು ಮಕ್ಕಳಿಗೆ ಪ್ರೀತಿಯಿಂದ ಹೆಸರಿಡುವ ಊರಿನಲ್ಲೇ 'ಏ ಕರಿಯಾ' ಎಂಬುದು ಹೀಯಾಳಿಕೆಯೂ ಆಗಿರುವುದರಿಂದ, ಆ ಪದದ ರುಚಿ ಅದನ್ನು ಆಡುವ ಬಾಯಿಯನ್ನು ಅವಲಂಬಿಸಿದೆ. ನಾನು 'ಕಪ್ಪು ಜನ' ಎಂದು ಬರೆಯುತ್ತೇನೆ. ಪಾತ್ರವೊಂದು ಬೈಗುಳವಾಗಿ ಆಡುವಾಗ ಮಾತ್ರ ಬೈಗುಳವನ್ನೇ ಬಳಸುತ್ತೇನೆ.

ಗುಲಾಮಗಿರಿಯ ನಿಜವಾದ ಚರಿತ್ರೆಯೇ ಅಷ್ಟು ಘೋರವಾಗಿರುವಾಗ ಇಂಥ ಕಟ್ಟುಕಥೆ ಯಾಕೆ ಬೇಕು?

ಇದು ನನಗೆ ಅತಿ ಹೆಚ್ಚು ಬಾರಿ ಎದುರಾಗುವ ಪ್ರಶ್ನೆ. ಉತ್ತರ ಕರ್ನಾಟಕದ ಅನೇಕ ಮನೆಗಳಿಗೆ ಹೆಳವರು ಬರುತ್ತಾರೆ. ಮನೆಯ ಮುಂದೆ ಕುಳಿತು, ಆ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಬಂದ, ಅವನ ಮಕ್ಕಳೆಷ್ಟು, ಅವರಲ್ಲಿ ಯಾರ ಸಂತಾನ ಇಲ್ಲಿ ನೆಲೆಸಿತು ಎಂದು ತಲೆಮಾರುಗಳ ಹೆಸರನ್ನು ಒಂದೊಂದಾಗಿ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಸೇರಿಸಿಕೊಂಡು, ಕೊಟ್ಟ ಕಾಳುಕಡಿಯನ್ನು ಪಡೆದು ಹೋಗುತ್ತಾರೆ. ಈಗ ಅಮೆರಿಕದ ದಕ್ಷಿಣ ರಾಜ್ಯವೊಂದರ ಕಪ್ಪು ಕುಟುಂಬದವರು ತಮ್ಮ ಹಿಂದಿನವರನ್ನು ಹುಡುಕಲು ಹೊರಟರೆ ಏನು ಸಿಗುತ್ತದೆ ನೋಡಿ. 1870ರ ಜನಗಣತಿಯವರೆಗೆ ಹೇಗೋ ಹೋಗಬಹುದು, ಏಕೆಂದರೆ ಬಿಡುಗಡೆಯಾದ ಗುಲಾಮರನ್ನು ಹೆಸರು ಹಿಡಿದು ಎಣಿಸಿದ ಮೊದಲ ಗಣತಿ ಅದು. ಅದರ ಹಿಂದಿನ 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರಿದೆ; ಅದರ ಕೆಳಗೆ ಸಾಲಿಗೊಬ್ಬರಂತೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಯಾವುದು ಎಂಬುದಿದೆ. ಕೆಲವೇ ಅಪವಾದಗಳನ್ನು ಬಿಟ್ಟರೆ ಹೆಸರಿಲ್ಲ. ಮೂವತ್ತು ವರ್ಷ, ಹೆಣ್ಣು, ಕಪ್ಪು. ನಾಲ್ಕು ವರ್ಷ, ಗಂಡು, ಮಿಶ್ರ. ಇವರಿಬ್ಬರು ತಾಯಿ ಮಗನೋ ಅಲ್ಲವೋ ಆ ಪಟ್ಟಿ ಹೇಳುವುದಿಲ್ಲ.

ವಂಶಾವಳಿ ಹುಡುಕುವವರು ಇದನ್ನು 1870ರ ಗೋಡೆ ಎಂದೇ ಕರೆಯುತ್ತಾರೆ. ಚರಿತ್ರಕಾರ ಆ ಗೋಡೆಯ ಮುಂದೆ ನಿಲ್ಲಬೇಕಾಗುತ್ತದೆ, ದಾಖಲೆ ಇಲ್ಲದ ಕಡೆ ಅವನು ಮಾತನಾಡುವ ಹಾಗಿಲ್ಲ. ಕಾದಂಬರಿಕಾರರು ಗೋಡೆಯನ್ನು ದಾಟಲು ಕಾಲವನ್ನೇ ಬಗ್ಗಿಸುತ್ತಾರೆ, ಸತ್ತವರನ್ನು ಮಾತನಾಡಿಸುತ್ತಾರೆ, ಸಮುದ್ರದ ತಳದಲ್ಲಿ ಹೊಸ ವಂಶವನ್ನು ಹುಟ್ಟಿಸುತ್ತಾರೆ. ಈ ಸಾಹಿತ್ಯದಲ್ಲಿ ಅದ್ಭುತವು ಹೆಚ್ಚಾಗಿ ಕುಟುಂಬದ ಸುತ್ತಲೇ ಸುಳಿದಾಡುವುದು ಇದೇ ಕಾರಣಕ್ಕೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಕಾದಂಬರಿ ಓದಲು ಸಮಯವಿಲ್ಲ. ಒಂದೇ ಒಂದು ಸಣ್ಣ ಕಥೆ ಹೇಳಿ ಎಂದರೆ?

ಅಮೆರಿಕದ ಕಪ್ಪು ಚಿಂತಕ ಡಬ್ಲ್ಯೂ. ಇ. ಬಿ. ಡು ಬೋಯಿಸ್ 1920ರಲ್ಲಿ ಪ್ರಕಟಿಸಿದ 'ದ ಕಾಮೆಟ್'. ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ಸಂದೇಶ ಒಯ್ಯುವ ಜಿಮ್ ಎಂಬ ಕಪ್ಪು ನೌಕರನನ್ನು ನೆಲದಡಿಯ ಹಳೆಯ ಖಜಾನೆ ಕೋಣೆಗೆ ಕಳಿಸಲಾಗುತ್ತದೆ. ಅವನು ಮೇಲೆ ಬರುವಷ್ಟರಲ್ಲಿ ಧೂಮಕೇತುವಿನ ವಿಷಗಾಳಿಗೆ ನಗರ ಸತ್ತಿರುತ್ತದೆ. ಬದುಕುಳಿದ ಇನ್ನೊಬ್ಬಳು ಶ್ರೀಮಂತ ಬಿಳಿ ತರುಣಿ. ಲೋಕದಲ್ಲಿ ತಾವಿಬ್ಬರೇ ಎಂದುಕೊಂಡ ಕೆಲವು ಗಂಟೆಗಳ ಮಟ್ಟಿಗೆ ಅವರು ಬರಿಯ ಮನುಷ್ಯರಾಗುತ್ತಾರೆ. ಆಮೇಲೆ ಅವಳ ತಂದೆ ಜೀವಂತವಾಗಿ ಬರುತ್ತಾನೆ. ಸತ್ತಿರುವುದು ನ್ಯೂಯಾರ್ಕ್ ಮಾತ್ರ ಎಂದು ತಿಳಿಯುತ್ತದೆ. ಬಣ್ಣದ ಗೆರೆ ಮತ್ತೆ ಎದ್ದು ನಿಲ್ಲುತ್ತದೆ. ಗುಂಪನ್ನು ಸೀಳಿಕೊಂಡು ಜಿಮ್‌ನ ಹೆಂಡತಿ ಬರುತ್ತಾಳೆ, ಅವಳ ತೋಳಿನಲ್ಲಿ ಮಗುವಿನ ಹೆಣ. ಒಂದೇ ಸಲ ಕೂತು ಓದಿ ಮುಗಿಸಬಹುದು.

## 'ಕಿಂಡ್ರೆಡ್' ಓದಿದವರು ಕೇಳುವುದು

ಡೇನಾ ಆ ರೂಫಸ್‌ನನ್ನು ಯಾಕೆ ಮತ್ತೆ ಮತ್ತೆ ಉಳಿಸುತ್ತಾಳೆ? ಸಾಯಲಿ ಎಂದು ಬಿಡಬಹುದಿತ್ತಲ್ಲ?

ಬಿಟ್ಟರೆ ಅವಳೇ ಹುಟ್ಟುವುದಿಲ್ಲ. ಡೇನಾ 1976ರ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಬಿಳಿಯ ಗಂಡ ಕೆವಿನ್ ಜೊತೆ ಹೊಸ ಮನೆಗೆ ಬಂದ ಕಪ್ಪು ಲೇಖಕಿ. ತನ್ನ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನ ಪುಸ್ತಕಗಳನ್ನು ಜೋಡಿಸುತ್ತಿರುವಾಗ ತಲೆ ಸುತ್ತಿ, ಮೇರಿಲ್ಯಾಂಡಿನ ಹೊಳೆಯ ದಡದಲ್ಲಿ ಹೋಗಿ ಬೀಳುತ್ತಾಳೆ. ಮುಳುಗುತ್ತಿದ್ದ ಕೆಂಗೂದಲಿನ ಬಿಳಿ ಹುಡುಗನನ್ನು ಮೇಲೆತ್ತುತ್ತಾಳೆ. ಎರಡನೆಯ ಸಲ ಹೋದಾಗ ಅದು 1815ನೆಯ ಇಸವಿ, ಹುಡುಗನ ಹೆಸರು ರೂಫಸ್ ವೇಲಿನ್ ಎಂದು ತಿಳಿಯುತ್ತದೆ. ಆಗ ಅವಳಿಗೆ ತಮ್ಮ ಮನೆಯ ಹಳೆಯ ಬೈಬಲಿನಲ್ಲಿ ಬರೆದಿಟ್ಟ ಹೆಸರುಗಳು ನೆನಪಾಗುತ್ತವೆ. ಹೇಗರ್, ಹುಟ್ಟಿದ್ದು 1831. ತಂದೆ ರೂಫಸ್ ವೇಲಿನ್, ತಾಯಿ ಆಲಿಸ್. ಆ ರೂಫಸ್ ಬಿಳಿಯನೆಂದು ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಇಲ್ಲಿಗೆ ಕಾದಂಬರಿಯ ಕುಣಿಕೆ ಬಿಗಿಯುತ್ತದೆ. ಹೇಗರ್ ಹುಟ್ಟುವವರೆಗೆ ರೂಫಸ್ ಬದುಕಿರಬೇಕು. ಅವಳು ಹುಟ್ಟುವುದು ಆಲಿಸ್ ಒಪ್ಪಿಯಲ್ಲ. ಆಲಿಸ್ ಗುಲಾಮಳಾಗಿ ಹುಟ್ಟಿದವಳಲ್ಲ. ಗುಲಾಮನಾಗಿದ್ದ ಗಂಡನೊಡನೆ ಓಡಿಹೋಗಿ ಸಿಕ್ಕಿಬಿದ್ದು ಗುಲಾಮಳಾದವಳು. ಅವಳ ಗಂಡನ ಕಿವಿಗಳನ್ನು ಕೊಯ್ದು ದೂರದ ಮಿಸಿಸಿಪ್ಪಿಗೆ ಮಾರಲಾಗುತ್ತದೆ. ಇಂಥ ಆಲಿಸ್‌ಳನ್ನು ತನ್ನ ಹಾಸಿಗೆಗೆ ಬರುವಂತೆ ಒಪ್ಪಿಸು, ಇಲ್ಲವಾದರೆ ಹೊಡೆದು ಎಳೆದುಕೊಂಡು ಬರುತ್ತೇನೆ ಎಂದು ರೂಫಸ್ ಡೇನಾಗೇ ಹೇಳುತ್ತಾನೆ. ಡೇನಾ ಹೋಗಿ ಹೇಳುತ್ತಾಳೆ. ಏಟು ತಪ್ಪಲಿ ಎಂಬ ಕನಿಕರ ಎಷ್ಟು, ತಾನು ಹುಟ್ಟಬೇಕೆಂಬ ಸ್ವಾರ್ಥ ಎಷ್ಟು ಎಂದು ಬೇರ್ಪಡಿಸಿ ತೋರಿಸಲು ಬಟ್ಲರ್ ಒಪ್ಪುವುದಿಲ್ಲ. ವಂಶ ಎಂದರೆ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ ಎಂದು ತಿಳಿದ ನಮ್ಮಂಥ ಓದುಗರಿಗೆ ಈ ಪುಟಗಳು ಕಷ್ಟವಾಗುತ್ತವೆ. ಶೀರ್ಷಿಕೆಯ ಅರ್ಥ 'ಬಂಧುಬಳಗ', ಮತ್ತು ಆ ಬಳಗದಲ್ಲಿ ಚಾಟಿ ಹಿಡಿದವನೂ ಇದ್ದಾನೆ.

ಡೇನಾ ಹೀಗೇಕೆ ಬಾಗುತ್ತಾಳೆ ಎಂದು ಸಿಟ್ಟಾಗುವವರಿಗೆ ಇನ್ನೊಂದು ಮಾತು. ಹಿಂದಿನ ಪೀಳಿಗೆಯ ಕಪ್ಪು ಜನ ತಗ್ಗಿ ನಡೆದು ತಮ್ಮ ದಾರಿಗೆ ಅಡ್ಡವಾದರು ಎಂದು ಕಿಡಿಕಾರುತ್ತಿದ್ದ ತರುಣನೊಬ್ಬನ ಮಾತುಗಳು ಈ ಕಾದಂಬರಿಗೆ ಪ್ರೇರಣೆಯಾದುವೆಂದು ಬಟ್ಲರ್ ಹೇಳಿಕೊಂಡಿದ್ದಾರೆ. ಅವರ ತಾಯಿ ಬಿಳಿಯರ ಮನೆಗಳಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು, ಹಿತ್ತಲ ಬಾಗಿಲಿನಿಂದ ಒಳಹೋಗುತ್ತಿದ್ದವರು. ಆ ತಗ್ಗುವಿಕೆಯಿಂದಲೇ ಮನೆಗೆ ಅನ್ನ ಬಂತು ಎಂಬುದು ಮಗಳಿಗೆ ದೊಡ್ಡವಳಾದ ಮೇಲೆ ಅರ್ಥವಾಯಿತು.

ಕೊನೆಯಲ್ಲಿ ಅವಳ ಕೈ ಯಾಕೆ ಹೋಗಬೇಕು?

ಅವಳನ್ನು ಇಡಿಯಾಗಿ ವಾಪಸು ತರಲು ತನ್ನಿಂದ ಆಗಲಿಲ್ಲ ಎಂಬ ಅರ್ಥದ ಮಾತನ್ನು ಬಟ್ಲರ್ ಸಂದರ್ಶನದಲ್ಲಿ ಆಡಿದ್ದಾರೆ. ಕಥೆಯೊಳಗಿನ ಕಾರಣ ಇನ್ನೂ ಸರಳ: ಡೇನಾ ತನ್ನ ಮೇಲೆ ಬಿದ್ದ ರೂಫಸ್‌ನನ್ನು ಚೂರಿಯಿಂದ ಇರಿದಾಗ ಸಾಯುತ್ತಿರುವ ಅವನ ಕೈ ಅವಳ ತೋಳನ್ನು ಬಿಡುವುದಿಲ್ಲ, ಅವಳು ವರ್ತಮಾನಕ್ಕೆ ಮರಳಿದಾಗ, ಅವನು ಹಿಡಿದಿದ್ದ ಜಾಗದಿಂದ ಮುಂದಕ್ಕೆ ಎಡತೋಳು ಮನೆಯ ಗೋಡೆಯಲ್ಲಿ ಬೆರೆತುಹೋಗಿರುತ್ತದೆ. ಆ ದಿನ 1976ರ ಜುಲೈ 4, ಅಮೆರಿಕ ತನ್ನ ಇನ್ನೂರನೆಯ ಸ್ವಾತಂತ್ರ್ಯ ದಿನ ಆಚರಿಸುತ್ತಿದ್ದ ದಿನ. ಅದರ ಮೇಲೆ ನಾವು ಭಾಷ್ಯ ಬರೆಯಬೇಕಾಗಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ನಾಲ್ಕಾರು ಪುಟಗಳು. ಗಂಡ ಹೆಂಡತಿ ಮೇರಿಲ್ಯಾಂಡಿಗೆ ಹೋಗಿ ದಾಖಲೆ ಹುಡುಕುತ್ತಾರೆ. ಹಳೆಯ ಪತ್ರಿಕೆಯಲ್ಲಿ ರೂಫಸ್ ಮನೆಗೆ ಬೆಂಕಿ ಬಿದ್ದು ಸತ್ತನೆಂದು ಅಚ್ಚಾಗಿದೆ, ಇರಿತದ ಸುಳಿವಿಲ್ಲ. ಮಾರಾಟಕ್ಕಿಟ್ಟ ಗುಲಾಮರ ಪಟ್ಟಿಯೂ ಸಿಗುತ್ತದೆ, ಅದರಲ್ಲಿ ಆಲಿಸ್‌ಳ ಮಕ್ಕಳಿಬ್ಬರ ಹೆಸರು ಇಲ್ಲ. ಅಷ್ಟೆಲ್ಲ ಕಣ್ಣಾರೆ ಕಂಡು ಬಂದವಳಿಗೂ ಕೊನೆಗೆ ದಾಖಲೆ ಕೊಡುವುದು ಒಂದು ಸುಳ್ಳು, ಒಂದು ಖಾಲಿ ಜಾಗ.

## ಹಿಂದೆ ಮುಂದೆ

ಇದೆಲ್ಲ ಶುರುವಾದದ್ದು ಬಟ್ಲರ್ ಅವರಿಂದಲೇ?

ಅಲ್ಲ. ಚಾರ್ಲ್ಸ್ ಚೆಸ್ನಟ್ 1888ರಲ್ಲಿ ಪ್ರಕಟಿಸಿ, 1899ರ ತಮ್ಮ ಸಂಕಲನದಲ್ಲಿ ಸೇರಿಸಿದ 'ಪೋ ಸ್ಯಾಂಡಿ' ಕಥೆಯನ್ನು ನೋಡಿ. ಸ್ಯಾಂಡಿ ಎಷ್ಟು ಒಳ್ಳೆಯ ಆಳೆಂದರೆ ಒಡೆಯನ ಮಕ್ಕಳು ಅವನನ್ನು ತಿಂಗಳಿಗೊಬ್ಬರಂತೆ ಎರವಲು ಪಡೆಯುತ್ತಾರೆ. ಹಾಗೆ ಹೋಗಿದ್ದಾಗ ಅವನ ಮೊದಲ ಹೆಂಡತಿಯನ್ನು ಮಾರಿಬಿಡುತ್ತಾರೆ. ಎರಡನೆಯವಳು ಟೆನಿ ಮಂತ್ರ ಬಲ್ಲವಳು. ಎಲ್ಲಿಗೂ ಕಳಿಸದಂತೆ ಅವನನ್ನು ಪೈನ್ ಮರವಾಗಿಸಿ ನಿಲ್ಲಿಸುತ್ತಾಳೆ. ಆದರೆ ಬೇರೆಡೆ ಬಾಣಂತನದ ಕೆಲಸಕ್ಕೋ ಆರೈಕೆಗೋ ಎಂದು ಅವಳನ್ನೇ ಕಳಿಸುತ್ತಾರಲ್ಲ! ತಿರುಗಿ ಬಂದಾಗ ಬರಿಯ ಬೊಡ್ಡೆ ಉಳಿದಿದೆ. ಒಡೆಯನಿಗೆ ಹೊಸ ಅಡಿಗೆಮನೆ ಬೇಕಾಗಿತ್ತು. ಅವಳು ಗರಗಸದ ಗಿರಣಿಗೆ ಓಡಿ ದಿಮ್ಮಿಯ ಮೇಲೆ ಬೀಳುತ್ತಾಳೆ. ಹುಚ್ಚು ಹಿಡಿಯಿತೆಂದು ಅವಳನ್ನು ಕಟ್ಟಿಹಾಕಿ, ಅವಳ ಕಣ್ಣೆದುರೇ ದಿಮ್ಮಿಯನ್ನು ಹಲಗೆಯಾಗಿ ಸೀಳುತ್ತಾರೆ. ದಿಮ್ಮಿ ನರಳುತ್ತದೆ. ಗುಲಾಮನ ಮೈ ಒಡೆಯನ ಮನೆಯ ಸಾಮಾನು ಎಂಬುದನ್ನು ಇಷ್ಟು ಅಕ್ಷರಶಃ ಹೇಳಿದ ಕಥೆಯನ್ನು ನಾನು ಬೇರೆ ಓದಿಲ್ಲ.

ಪಾಲಿನ್ ಹಾಪ್ಕಿನ್ಸ್ ಅವರ 'ಆಫ್ ಒನ್ ಬ್ಲಡ್' 1902–03ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ಬಿಳಿಯನಂತೆ ಬದುಕುತ್ತಿರುವ ವೈದ್ಯ ವಿದ್ಯಾರ್ಥಿಯೊಬ್ಬ ಇಥಿಯೋಪಿಯಾದ ಗುಪ್ತ ನಗರದ ರಾಜವಂಶದವನೆಂದು ಅದರಲ್ಲಿ ತಿಳಿಯುತ್ತದೆ. ಅವನು ಮದುವೆಯಾದವಳು ಅವನ ಒಡಹುಟ್ಟಿದವಳೆಂದೂ ತಿಳಿಯುತ್ತದೆ. ಕಥೆಯ ಹೆಣಿಗೆ ಸಿಕ್ಕುಸಿಕ್ಕಾಗಿದೆ, ಒಪ್ಪುತ್ತೇನೆ. ಆದರೆ ಕುಟುಂಬಗಳನ್ನು ಮಾರಿ ಚದುರಿಸಿದ ದೇಶದಲ್ಲಿ ತನ್ನ ತಂಗಿಯನ್ನು ಗುರುತು ಹಿಡಿಯಲಾರದ ಅಣ್ಣನ ಭಯ ಕೇವಲ ನಾಟಕೀಯ ತಂತ್ರವಾಗಿರಲಿಲ್ಲ.

ಬಣ್ಣವನ್ನೇ ಬದಲಿಸುವ ಔಷಧ ಸಿಕ್ಕರೆ ಸಮಸ್ಯೆ ಮುಗಿಯುವುದಿಲ್ಲವೇ?

ಬಿಳುಪು ಕ್ರೀಮಿನ ಜಾಹೀರಾತು ನೋಡುತ್ತ ಬೆಳೆದ ನಮಗೆ ಸಹಜವಾದ ಪ್ರಶ್ನೆ. ಜಾರ್ಜ್ ಸ್ಕೈಲರ್ 1931ರಲ್ಲಿ 'ಬ್ಲ್ಯಾಕ್ ನೋ ಮೋರ್' ಎಂಬ ವಿಡಂಬನೆಯಲ್ಲಿ ಇದನ್ನೇ ಕೇಳಿದರು. ಕ್ರೂಕ್‌ಮನ್ ಎಂಬ ಕಪ್ಪು ವೈದ್ಯ ಕಪ್ಪು ಜನರನ್ನು ಬಿಳಿಯರನ್ನಾಗಿಸುವ ಚಿಕಿತ್ಸೆ ಕಂಡುಹಿಡಿಯುತ್ತಾನೆ. ಬಿಳಿಯನಾದ ನಾಯಕ ವರ್ಣದ್ವೇಷಿ ಸಂಘಟನೆಯ ಮುಖ್ಯಸ್ಥನ ಮಗಳನ್ನೇ ಮದುವೆಯಾಗುತ್ತಾನೆ. ಚಿಕಿತ್ಸೆ ಚರ್ಮಕ್ಕೆ, ಬೀಜಕ್ಕಲ್ಲ. ಆದ್ದರಿಂದ ಹುಟ್ಟುವ ಮಕ್ಕಳು ಗುಟ್ಟು ಬಿಟ್ಟುಕೊಡುತ್ತವೆ. ಕೊನೆಗೆ, ಚಿಕಿತ್ಸೆ ಪಡೆದವರು ಹುಟ್ಟು ಬಿಳಿಯರಿಗಿಂತ ಹೆಚ್ಚು ಬೆಳ್ಳಗಿರುತ್ತಾರೆ ಎಂಬುದು ಬಯಲಾದದ್ದೇ ತಡ, ಅತಿ ಬಿಳುಪು ಕೀಳಾಗಿ, ಜನ ಮೈಯನ್ನು ಕಂದಾಗಿಸಿಕೊಳ್ಳಲು ಮುಗಿಬೀಳುತ್ತಾರೆ. ಈ ಪುಸ್ತಕ ಬರುವ ಏಳು ವರ್ಷ ಮುಂಚೆ, 1924ರಲ್ಲಿ, ವರ್ಜೀನಿಯಾ ರಾಜ್ಯ ಬಿಳಿಯರು ಯಾರೆಂದು ಕಾನೂನಿನಲ್ಲಿ ಗೆರೆ ಕೊರೆದು ಮಿಶ್ರ ವಿವಾಹವನ್ನು ನಿಷೇಧಿಸಿತ್ತು. ಅಂಥ ನಿಷೇಧಗಳನ್ನು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1967ರಲ್ಲಿ. ಸ್ಕೈಲರ್ ನಗುತ್ತ ಬರೆದದ್ದು ಅಂದಿನ ಕಾನೂನು ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡರೆ ಅಷ್ಟೇನೂ ಉತ್ಪ್ರೇಕ್ಷೆಯಾಗಿ ಕಾಣುವುದಿಲ್ಲ.

ಬೇರೆ ಲೋಕದಲ್ಲಿ ನಡೆಯುವ ಕಥೆಗಳಲ್ಲಿ ಕಪ್ಪು ಜನರ ಅನುಭವ ಹೇಗೆ ಬರುತ್ತದೆ?

ಎನ್. ಕೆ. ಜೆಮಿಸಿನ್ ಅವರ 'ದ ಫಿಫ್ತ್ ಸೀಸನ್' (2015) ಮತ್ತು ಅದರ ಮುಂದಿನ ಎರಡು ಸಂಪುಟಗಳು 2016, 2017, 2018ರಲ್ಲಿ ಸಾಲಾಗಿ, ವಿಜ್ಞಾನ ಕಾದಂಬರಿ ಮತ್ತು ಅದ್ಭುತಕಥನಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆದವು. ಅಲ್ಲಿ ಕೀಳಾಗಿ ಕಾಣುವುದು ಮೈಬಣ್ಣವನ್ನಲ್ಲ, ಭೂಕಂಪವನ್ನು ಹಿಡಿದು ತಡೆಯಬಲ್ಲ ಹುಟ್ಟುಶಕ್ತಿಯನ್ನು. ಮೊದಲ ಪುಟಗಳಲ್ಲೇ ಎಸ್ಸುನ್ ಎಂಬ ತಾಯಿ ಮನೆಗೆ ಬಂದು ನೋಡಿದರೆ, ಮೂರು ತುಂಬದ ಮಗ ನೆಲದ ಮೇಲೆ ಸತ್ತು ಬಿದ್ದಿದ್ದಾನೆ. ಮಗು ತಾಯಿಯ ಕುಲದ್ದೆಂದು ತಿಳಿದ ತಂದೆಯೇ ಹೊಡೆದು ಕೊಂದಿದ್ದಾನೆ. ಮುಂದೊಂದು ಕಡೆ, ಹಿಡಿಯಲು ಬಂದವರ ಕೈಗೆ ಮಗು ಸಿಗಬಾರದೆಂದು ತಾಯಿಯೇ ಅದರ ಉಸಿರು ನಿಲ್ಲಿಸುತ್ತಾಳೆ. 1856ರಲ್ಲಿ ಕೆಂಟಕಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಒಹಾಯೋದಲ್ಲಿ ಸಿಕ್ಕಿಬಿದ್ದ ಮಾರ್ಗರೆಟ್ ಗಾರ್ನರ್ ತನ್ನ ಮಗಳನ್ನು ಕೊಂದದ್ದನ್ನು ಬಲ್ಲವರಿಗೆ ಆ ದೃಶ್ಯ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಟೋನಿ ಮಾರಿಸನ್ ಅವರ 'ಬಿಲವೆಡ್' (1987) ಕೂಡ ಅದೇ ಘಟನೆಯಿಂದ ಹೊರಟದ್ದು. ಲೋಕ ಬೇರೆ, ಆಕಾಶ ಬೇರೆ, ತಾಯಿಯ ಮುಂದಿರುವ ಆಯ್ಕೆ ಮಾತ್ರ ಅದೇ.

## ಇನ್ನಷ್ಟು ಒಳಹೊಕ್ಕವರಿಗೆ

ಆಫ್ರೋಫ್ಯೂಚರಿಸಂ, ಆಫ್ರಿಕನ್‌ಫ್ಯೂಚರಿಸಂ ಎರಡೂ ಒಂದೇ ಅಲ್ಲವೇ?

ಅಲ್ಲ. ಕಪ್ಪು ಅಮೆರಿಕದ ಊಹಾಕಥನಕ್ಕೆ ಹೆಸರಾಗಿ ಮೊದಲನೆಯ ಪದವನ್ನು 1990ರ ದಶಕದ ಆರಂಭದಲ್ಲಿ ಮಾರ್ಕ್ ಡೆರಿ ಎಂಬ ಬಿಳಿಯ ವಿಮರ್ಶಕ, ಅಮೆರಿಕದ ಕಪ್ಪು ಲೇಖಕರನ್ನೂ ವಿಮರ್ಶಕರನ್ನೂ ಸಂದರ್ಶಿಸುತ್ತ ಬಳಕೆಗೆ ತಂದರು. ಎರಡನೆಯದನ್ನು ನೈಜೀರಿಯನ್ ಮೂಲದ ನ್ನೆಡಿ ಒಕೊರಾಫೋರ್ 2019ರಲ್ಲಿ ವಿವರಿಸಿದರು: ಆಫ್ರಿಕದ ನೆಲದಲ್ಲೇ ಬೇರೂರಿದ, ಪಶ್ಚಿಮವನ್ನು ಕೇಂದ್ರವಾಗಿಸದ ಕಥನ. ಅವರ 'ಬಿಂಟಿ' (2015) ನಾಯಕಿ ನಮೀಬಿಯಾದ ಹಿಂಬಾ ಜನದವಳು; ಬಾಹ್ಯಾಕಾಶದ ವಿಶ್ವವಿದ್ಯಾಲಯಕ್ಕೆ ಹೊರಟಾಗಲೂ ಊರಿನ ಕೆಮ್ಮಣ್ಣಿನ ಲೇಪವನ್ನು ಮೈಗೂ ಕೂದಲಿಗೂ ಹಚ್ಚಿಕೊಂಡಿರುತ್ತಾಳೆ. ಅಮೆರಿಕದ ಡೇನಾ ತನ್ನ ನೆಲ ಯಾವುದೆಂದು ಹುಡುಕಬೇಕು. ಬಿಂಟಿ ಅದನ್ನು ಮೈಮೇಲೆ ಹೊತ್ತೇ ಹೋಗುತ್ತಾಳೆ. ವ್ಯತ್ಯಾಸಕ್ಕೆ ಇಷ್ಟು ಸಾಕು.

ಇವನ್ನು ಜಾತಿಯ ಜೊತೆ ಹೋಲಿಸಿ ಓದುವುದು ಸರಿಯೇ?

ಹೋಲಿಕೆ ಹೊಸದಲ್ಲ. ಜೋತಿಬಾ ಫುಲೆ 1873ರ 'ಗುಲಾಮಗಿರಿ'ಯನ್ನು ಗುಲಾಮರ ವಿಮೋಚನೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಅಂಬೇಡ್ಕರ್ 1946ರಲ್ಲಿ ಡು ಬೋಯಿಸ್ ಅವರಿಗೆ ಪತ್ರ ಬರೆದರು. ಅದೇ ಡು ಬೋಯಿಸ್ 1928ರ 'ಡಾರ್ಕ್ ಪ್ರಿನ್ಸೆಸ್' ಕಾದಂಬರಿಯಲ್ಲಿ ಕೌಟಿಲ್ಯಾ ಎಂಬ ಭಾರತದ ರಾಜಕುಮಾರಿಯನ್ನು ಕಪ್ಪು ಅಮೆರಿಕನ್ ನಾಯಕನಿಗೆ ಜೊತೆಯಾಗಿಸಿ, ಅವರ ಮಗುವನ್ನು ಲೋಕದ ಬಿಳಿಯರಲ್ಲದ ಜನರಿಗೆಲ್ಲ ಆಶಾಕಿರಣವಾಗಿಸಿದರು. ಅವರ ಕಲ್ಪನೆಯ ಭಾರತದಲ್ಲಿ ಅರಮನೆ ದೊಡ್ಡದು, ಹೊಲಗೇರಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ ಎಂಬುದು ಬೇರೆ ಮಾತು.

ಆದರೆ ಹೋಲಿಸುವಾಗ ಒಂದು ಎಚ್ಚರ ಬೇಕು, ಏಕೆಂದರೆ ಎರಡು ವ್ಯವಸ್ಥೆಗಳೂ ಹುಟ್ಟನ್ನು ಲೆಕ್ಕ ಹಾಕುವ ಬಗೆ ಬೇರೆ. ಇಂಗ್ಲಿಷ್ ಪದ್ಧತಿಯಲ್ಲಿ ಮಗು ತಂದೆಯ ಸ್ಥಾನವನ್ನು ಪಡೆಯುತ್ತಿತ್ತು. ಆಗ ಇಂಗ್ಲಿಷರ ವಸಾಹತಾಗಿದ್ದ ವರ್ಜೀನಿಯಾ 1662ರಲ್ಲಿ ಅದನ್ನು ಬುಡಮೇಲು ಮಾಡಿ, ಮಗು ಗುಲಾಮನೋ ಸ್ವತಂತ್ರನೋ ಎಂಬುದು ತಾಯಿಯ ಸ್ಥಿತಿಯಂತೆ ಎಂದು ಶಾಸನ ಮಾಡಿತು. ಹಾಗಾಗಿ ಒಡೆಯ ಗುಲಾಮ ಹೆಣ್ಣಿನಲ್ಲಿ ಹುಟ್ಟಿಸಿದ ಸ್ವಂತ ಮಗು ಅವನ ವಾರಸುದಾರನಾಗದೆ ಅವನ ಆಸ್ತಿಯಾಯಿತು. ತುಳುನಾಡಿನ ಅಳಿಯಸಂತಾನವನ್ನು ಬಲ್ಲವರು ತಾಯಿಯ ಕಡೆಯ ಎಣಿಕೆ ಎಂದೊಡನೆ ಹೆಣ್ಣಿಗೆ ಅದರಿಂದ ಏನಾದರೂ ಬಲ ಬಂತೇ ಎಂದು ಕೇಳುತ್ತಾರೆ. ವರ್ಜೀನಿಯಾದ ಲೆಕ್ಕದಲ್ಲಿ ತಾಯಿಯಿಂದ ಮಗುವಿಗೆ ಇಳಿದು ಬಂದದ್ದು ಸಂಕೋಲೆ ಒಂದೇ. ರೂಫಸ್ ತನ್ನ ಮಕ್ಕಳಿಗೆ ಬಿಡುಗಡೆ ಕೊಡುವುದನ್ನು ಆಲಿಸ್‌ಳನ್ನು ಕಟ್ಟಿಹಾಕುವ ಹಗ್ಗವಾಗಿ ಬಳಸುವುದು ಈ ಶಾಸನ ಗೊತ್ತಿದ್ದರೆ ಮಾತ್ರ ಪೂರ್ತಿ ಅರ್ಥವಾಗುತ್ತದೆ.

ನಮ್ಮ ಸಿದ್ದಿಗಳ ಕಥೆಯೂ ಇದೇ ಅಲ್ಲವೇ?

ಬೇರು ಆಫ್ರಿಕದ್ದು, ಕವಲು ಬೇರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸೀಮೆಯ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕೊಂಕಣಿ, ಕನ್ನಡ, ಮರಾಠಿ ಆಡುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯತೆ ಪಡೆದರು. ಅತ್ತ ವಿಜಯಪುರದ ಆದಿಲ್ ಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನನಂಥ ಹಬಶಿಗಳು, ಅಂದರೆ ಆಫ್ರಿಕ ಮೂಲದವರು, ಮಂತ್ರಿಪದವಿಗೇರಿದ್ದರು. ಇದನ್ನೆಲ್ಲ ಅಮೆರಿಕದ ಅಚ್ಚಿನಲ್ಲಿ ಎರಕ ಹೊಯ್ಯುವುದು ತಪ್ಪಾಗುತ್ತದೆ. ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ನೋಡಿದಾಗ ಇಲ್ಲೊಂದು ಊಹಾಕಥನ ಬರಹಕ್ಕಾಗಿ ಕಾದಿದೆ ಎನಿಸಿದ್ದುಂಟು. ಅದನ್ನು ಬರೆಯಬೇಕಾದವರು ನಾನಲ್ಲ.

ಇಂಥ ಕಾದಂಬರಿಯನ್ನು ಕನ್ನಡಕ್ಕೆ ತರುವಾಗ ಯಾವುದು ಕಷ್ಟ?

ಸಂಬಂಧವಾಚಕಗಳು. ಬಿಳಿಯರು ವಯಸ್ಸಾದ ಗುಲಾಮರನ್ನು ಆಂಟ್, ಅಂಕಲ್ ಎನ್ನುತ್ತಿದ್ದರು. ಅದು ಬಂಧುತ್ವದಿಂದಲ್ಲ, ಶ್ರೀಮತಿ, ಶ್ರೀಯುತ ಎಂಬ ಮರ್ಯಾದೆಯನ್ನು ತಪ್ಪಿಸಲು. ಕನ್ನಡದಲ್ಲಿ ಅತ್ತೆ, ಮಾವ, ದೊಡ್ಡಮ್ಮ ಎಂದು ಹಾಕಿದ ಕ್ಷಣ ಇಲ್ಲದ ಅಕ್ಕರೆ ಬಂದು ಕೂತುಬಿಡುತ್ತದೆ, ಓದುಗ ಮೋಸಹೋಗುತ್ತಾನೆ. ಅಂಥ ಕಡೆ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಉಳಿಸುವುದು ವಾಸಿ.

ಇನ್ನೊಂದು ಕಡೆ ನಮ್ಮ ಭಾಷೆಗೆ ಮೂಲಕ್ಕಿಲ್ಲದ ಅನುಕೂಲವಿದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸರ್ವನಾಮ. ನಮ್ಮಲ್ಲಿ 'ನೀನು', 'ನೀವು' ಎರಡರ ನಡುವೆ ಗುಲಾಮರು ದುಡಿಯುವ ಇಡೀ ತೋಟದ ಕಾನೂನು ಅಡಗಿದೆ. ಮುದಿ ಗುಲಾಮ ಹತ್ತು ವರ್ಷದ ಹುಡುಗನಿಗೆ 'ನೀವು' ಎನ್ನಬೇಕು, ಹುಡುಗ ಅವನಿಗೆ 'ನೀನು' ಎನ್ನುತ್ತಾನೆ. ಡೇನಾ ಬೆಂಕಿ ಆರಿಸಿ ಕಾಪಾಡಿದ ಪುಟ್ಟ ರೂಫಸ್‌ನೊಡನೆ ಮೊದಲು ಮಾತನಾಡುವಾಗ ಸಹಜವಾಗಿ 'ನೀನು' ಎಂದೇ ಬರುತ್ತದೆ. ಆ ರಾತ್ರಿಯೇ ಹುಡುಗ ತನ್ನನ್ನು 'ಮಾಸ್ಟರ್' ಎಂದು ಕರೆಯಬೇಕೆಂದು ಅವಳಿಗೆ ತಿಳಿಹೇಳುತ್ತಾನೆ. ಹಾಗಾದರೆ ಅನುವಾದಕ ಯಾವ ಪುಟದಿಂದ ಅವಳ ಬಾಯಲ್ಲಿ 'ನೀವು' ಹಾಕಬೇಕು? ನಾನು ಕೆಲವು ಅಧ್ಯಾಯಗಳನ್ನು ಮಾಡಿ ನೋಡಿದಾಗ, ಬೇರೆಯವರ ಎದುರು 'ನೀವು', ಇಬ್ಬರೇ ಇದ್ದಾಗ 'ನೀನು' ಎಂದು ಇಟ್ಟಿದ್ದೆ. ಕಡೆಯ ಅಧ್ಯಾಯದಲ್ಲಿ, ಅಟ್ಟದ ಕೋಣೆಯಲ್ಲಿ ಇಬ್ಬರೇ ಇರುವಾಗ, ಚೂರಿ ಚೀಲದಲ್ಲಿರುವಾಗ, ಅವಳು ಒಂದು ಸಲ 'ನೀವು' ಎಂದುಬಿಟ್ಟಳು. ಕೈತಪ್ಪಿ ಬಿದ್ದ ಪದ. ಅದನ್ನು ತಿದ್ದಲು ಹೋಗಿ, ಹಾಗೆಯೇ ಬಿಟ್ಟಿದ್ದೇನೆ.